ಕಾಲರೇಖಾಫಲಕದ ಚಲನೆ: ಗಣಕಯಂತ್ರದ ತೆರೆಯಲ್ಲಿ ದೀರ್ಘಚಿತ್ರಗಳನ್ನು ತೋರಿಸುವ ಕ್ರಮ

ಇತಿಹಾಸದ ವ್ಯಾಸಂಗಕ್ಕೆ ಬೇಕಾದ ಕಾಲರೇಖೆ, ವಂಶವೃಕ್ಷ ಮೊದಲಾದ ಚಿತ್ರಗಳನ್ನು ಗಣಕಯಂತ್ರದಲ್ಲಿ ನಾವೇ ರಚಿಸಿಕೊಳ್ಳಬಹುದು. ಆದರೆ ಚಿತ್ರವು ತೆರೆಗಿಂತ ಉದ್ದವಾಗಿದ್ದು, ಅದನ್ನು ಸರಿಸಿ ನೋಡುವ ಏರ್ಪಾಡು ಸಮರ್ಪಕವಾಗಿರದಿದ್ದರೆ, ಕಣ್ಣಿಗೆ ಬೀಳದ ಭಾಗವು ಇಲ್ಲವೇ ಇಲ್ಲವೆಂಬ ಭ್ರಮೆಯುಂಟಾಗುತ್ತದೆ. 1998ರಲ್ಲಿ ಜಾವಾ ಭಾಷೆಯ 1.2ನೆಯ ಆವೃತ್ತಿಯೊಡನೆ ಬಂದ ‘ಸ್ವಿಂಗ್’ ಎಂಬ ಸಾಧನಸಮೂಹವನ್ನು ಆಧರಿಸಿ ಈ ವಿಷಯವನ್ನು ವಿವರಿಸುತ್ತೇವೆ.

ಒಂದನೆಯ ಪುಲಕೇಶಿಯ ಬಾದಾಮಿ ಶಾಸನದ ವರ್ಷವಾದ 543ರಿಂದ, ವಿಜಯನಗರದ ಸೈನ್ಯವು ಸೋತ 1565ರವರೆಗೆ ಒಂದು ಕಾಲರೇಖೆಯನ್ನು ಬರೆಯುವೆವೆಂದು ಭಾವಿಸೋಣ. ವರ್ಷಕ್ಕೆ 4 ಪಿಕ್ಸೆಲ್‌ಗಳಂತೆ 1022 ವರ್ಷಗಳಿಗೆ 4088 ಪಿಕ್ಸೆಲ್‌ಗಳ ಉದ್ದ ಬೇಕು. ಕಿಟಕಿಯ ಅಗಲ 800 ಪಿಕ್ಸೆಲ್ ಮಾತ್ರ. ಈ ಚಿತ್ರವನ್ನು ‘ಜೆಪ್ಯಾನೆಲ್’ ಎಂಬ ಫಲಕದಲ್ಲಿ ಬರೆದು, ಅದನ್ನು ‘ಜೆಸ್ಕ್ರೋಲ್‌ಪೇನ್’ ಎಂಬ ಚೌಕಟ್ಟಿನೊಳಗೆ ಇಟ್ಟಮಾತ್ರಕ್ಕೆ ಸರಿಸುವ ಪಟ್ಟಿ ಮೂಡುವುದಿಲ್ಲ. ರೇಖೆಯು 743ಕ್ಕೆ ನಿಂತುಬಿಡುತ್ತದೆ. ರಾಷ್ಟ್ರಕೂಟರಿಂದ ವಿಜಯನಗರದವರೆಗಿನ ಸಮಸ್ತ ಚರಿತ್ರೆಯೂ ಮರೆಯಾಗುತ್ತದೆ. ಯಂತ್ರವು ದೋಷವನ್ನೇನೂ ಸೂಚಿಸುವುದಿಲ್ಲವಾದ್ದರಿಂದ ಅಪಾಯವು ಹೆಚ್ಚು.

ಇದರ ಕಾರಣವು ಸರಳವಾದುದು. ಫಲಕದ ಮೇಲೆ ಏನನ್ನು ಬರೆದಿದೆಯೆಂಬುದನ್ನು ಚೌಕಟ್ಟು ನೋಡುವುದಿಲ್ಲ; ಫಲಕವು ತನ್ನ ಅಳತೆಯೆಂದು ಹೇಳಿಕೊಳ್ಳುವುದನ್ನು ಮಾತ್ರ ಕೇಳುತ್ತದೆ. ಒಳಗೆ ಬೇರಾವ ಅಂಗವೂ ಇಲ್ಲದ ಫಲಕವು ಸಾಮಾನ್ಯವಾಗಿ 10 × 10 ಪಿಕ್ಸೆಲ್‌ಗಳೆಂದೇ ಹೇಳುತ್ತದೆ. ಅಷ್ಟು ಕಿರಿದಾದುದನ್ನು ಸರಿಸುವ ಅಗತ್ಯವೇ ಇಲ್ಲವೆಂದು ಚೌಕಟ್ಟು ನಿರ್ಣಯಿಸುತ್ತದೆ. ಆದುದರಿಂದ ‘ಗೆಟ್‌ಪ್ರಿಫರ್ಡ್‌ಸೈಜ್’ ಎಂಬ ವಿಧಾನವನ್ನು ನಾವೇ ಬರೆದು, ಅದು 4088ರ ಉದ್ದವನ್ನು ತಿಳಿಸುವಂತೆ ಮಾಡತಕ್ಕದ್ದು. ಪ್ರಮಾಣವನ್ನು ವರ್ಷಕ್ಕೆ 8 ಪಿಕ್ಸೆಲ್‌ಗಳಿಗೆ ಏರಿಸಿದರೆ ಉದ್ದವು 8176 ಆಗುತ್ತದೆ. ಆಗ ಹೊಸ ಅಳತೆಯನ್ನು ಗಮನಕ್ಕೆ ತರಲು ‘ರಿವ್ಯಾಲಿಡೇಟ್’ ಎಂಬುದನ್ನೂ, ಚಿತ್ರವನ್ನು ಮರಳಿ ಬರೆಯಿಸಲು ‘ರಿಪೇಂಟ್’ ಎಂಬುದನ್ನೂ ಕರೆಯಬೇಕು.

ಇನ್ನು ಚಿತ್ರಣದ ಕ್ರಮ. ‘ಪೇಂಟ್‌ಕಾಂಪೊನೆಂಟ್’ ಎಂಬಲ್ಲಿ ಮೊದಲು ಮೂಲವರ್ಗದ ಅದೇ ಹೆಸರಿನ ವಿಧಾನವನ್ನು ಕರೆದು ಹಿನ್ನೆಲೆಯನ್ನು ಶುದ್ಧಗೊಳಿಸಬೇಕು. ಇಲ್ಲವಾದರೆ ಹಳೆಯ ಗೆರೆಗಳ ಮೇಲೆ ಹೊಸ ಗೆರೆಗಳು ಬೀಳುತ್ತವೆ. ಸ್ಥಾನಗಳನ್ನು ಕಿಟಕಿಯ ಅಂಚಿನಿಂದಲ್ಲ, ಫಲಕದ ಆರಂಭದಿಂದಲೇ ಎಣಿಸತಕ್ಕದ್ದು. ವರ್ಷಕ್ಕೆ 4 ಪಿಕ್ಸೆಲ್‌ಗಳ ಪ್ರಮಾಣದಲ್ಲಿ 1336ರ ಸ್ಥಾನವು ಯಾವಾಗಲೂ 3172 ಆಗಿರುತ್ತದೆ. ಸರಿಸಿದ ದೂರವನ್ನು ಚೌಕಟ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ನಾವೂ ಅದನ್ನು ಕಳೆದರೆ ಚಿತ್ರವು ಇಮ್ಮಡಿ ದೂರ ಸರಿದುಹೋಗುತ್ತದೆ.

ಶಾಸನದ ಉದ್ದವಾದ ಪಡಿಯಚ್ಚನ್ನು ಕಿಂಡಿಯೊಂದರ ಹಿಂದೆ ಸರಿಸುತ್ತ ಓದುವಾಗ ಅಕ್ಷರಗಳು ಪಡಿಯಚ್ಚಿನಲ್ಲಿ ತಮ್ಮ ಸ್ಥಾನವನ್ನು ಬದಲಿಸುವುದಿಲ್ಲ. ಬದಲಾಗುವುದು ನಮಗೆ ಕಾಣುವ ಭಾಗ ಮಾತ್ರ. ಫಲಕಕ್ಕೂ ಕಿಟಕಿಗೂ ಇರುವ ಸಂಬಂಧವು ಇದೇ. ಕಾಲರೇಖೆಯನ್ನು ತರಗತಿಯಲ್ಲಿ ಪ್ರದರ್ಶಿಸುವ ಮುನ್ನ ಅದರ ಕೊನೆಯ ವರ್ಷದವರೆಗೂ ಸರಿಸಿ ನೋಡುವುದು ಅವಶ್ಯಕ.