ಗಣಿ ಬೆಟ್ಟದಾಚೆ, ಕೊಳವೆಬಾವಿ ನದಿ ಪಕ್ಕ: ಅರಿಜೋನಾದ ಅಂತರ್ಜಲ ಲೆಕ್ಕವೇನು?

ಪಕ್ಕದ ತೋಟದವರು ಆಳಕ್ಕೆ ಬೋರ್‌ವೆಲ್ ಕೊರೆಸಿದರೆ ನಮ್ಮ ಬಾವಿ ಬತ್ತುತ್ತದೆ. ನಮ್ಮ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಸಹುವರಿಟಾ ಊರಿನ ಜನರ ಆತಂಕವೂ ಇದೇ. ವ್ಯತ್ಯಾಸವೆಂದರೆ, ಅಲ್ಲಿ ಬಾವಿ ತೋಡಲು ಹೊರಟಿದ್ದು ತಾಮ್ರದ ಗಣಿ ಕಂಪನಿ.

ಟೂಸಾನ್ ನಗರದ ದಕ್ಷಿಣಕ್ಕಿರುವ ಸಾಂಟಾ ರೀಟಾ ಬೆಟ್ಟಗಳ ಪೂರ್ವ ಮಗ್ಗುಲಲ್ಲಿ ಯೋಜಿಸಿದ್ದ ಗಣಿಯ ಹೆಸರು ರೋಸ್‌ಮಾಂಟ್. ಅದಿರು ಪುಡಿ ಮಾಡಿ ತಾಮ್ರ ಬೇರ್ಪಡಿಸಲು ಅಪಾರ ನೀರು ಬೇಕು. ಅದಕ್ಕಾಗಿ ಬೆಟ್ಟದ ಪಶ್ಚಿಮಕ್ಕೆ, ಸಾಂಟಾ ಕ್ರೂಜ್ ನದಿ ಕಣಿವೆಯಲ್ಲಿ ಬಾವಿ ಕೊರೆದು ಪೈಪ್‌ಲೈನ್ ಮೂಲಕ ನೀರನ್ನು ಬೆಟ್ಟ ಹತ್ತಿಸುವ ಯೋಜನೆ. ಸಿಕ್ಕ ಅನುಮತಿ ವರ್ಷಕ್ಕೆ 6,000 ಎಕರೆ-ಅಡಿ, ಅಂದರೆ ದಿನಕ್ಕೆ ಸುಮಾರು 2 ಕೋಟಿ ಲೀಟರ್.

ಬಾವಿಯಿಂದ ನೀರೆತ್ತಿದಾಗ ಸುತ್ತಲಿನ ಜಲಮಟ್ಟ ಆಲಿಕೆಯಂತೆ ಕುಸಿಯುತ್ತದೆ. ಪಂಪ್ ಓಡಿದಷ್ಟು ಕಾಲ ಆಲಿಕೆ ಅಗಲವಾಗುತ್ತ ಹೋಗಿ ನೆರೆಯ ಬಾವಿಗಳನ್ನು ಮುಟ್ಟುತ್ತದೆ. ಅಮೆರಿಕದ ಜಲವಿಜ್ಞಾನಿ ಚಾರ್ಲ್ಸ್ ಥೈಸ್ 1940ರಲ್ಲೇ ವಿವರಿಸಿದಂತೆ, ಮೊದಮೊದಲು ಬರುವ ನೀರು ಭೂಮಿಯೊಳಗಿನ ಸಂಗ್ರಹದ್ದು. ಕಾಲ ಕಳೆದಂತೆ ನದಿ, ತೊರೆ, ಚಿಲುಮೆಗಳ ಪಾಲಿನದು. ಪಂಪ್ ನಿಲ್ಲಿಸಿದ ಮೇಲೂ ಆಲಿಕೆ ತುಂಬುವವರೆಗೆ ನದಿಗೆ ನಷ್ಟ ತಪ್ಪುವುದಿಲ್ಲ.

ಆದರೆ ಸಹುವರಿಟಾದ ಕಥೆ ಸ್ವಲ್ಪ ಬೇರೆ. ಅಲ್ಲಿ ಜಲಮಟ್ಟ ನದಿಪಾತ್ರಕ್ಕಿಂತ ಎಷ್ಟೋ ಕೆಳಗಿಳಿದಿದೆ. ಕೃಷಿ, ನಗರ, ಹಳೆಯ ಗಣಿಗಳು ಎಲ್ಲವೂ ದಶಕಗಳಿಂದ ನೀರೆತ್ತಿದ ಫಲ. ಮಳೆ ಬಂದಾಗಷ್ಟೇ ನದಿ ಹರಿಯುತ್ತದೆ. ನದಿಗೂ ಜಲಮಟ್ಟಕ್ಕೂ ಸಂಪರ್ಕ ಕಡಿದಿರುವುದರಿಂದ, ಮಟ್ಟ ಇನ್ನಷ್ಟು ಇಳಿದರೂ ನದಿಯಿಂದ ಇಂಗುವ ನೀರು ಹೆಚ್ಚುವುದಿಲ್ಲ. ನದಿಗೆ ಹೊಸ ನಷ್ಟವಿಲ್ಲ ಎಂದು ಕೇಳಲು ಸಮಾಧಾನವೇ. ಆದರೆ ಎತ್ತಿದ್ದೆಲ್ಲ ಸಂಗ್ರಹದಿಂದಲೇ ಹೋಗುವುದರಿಂದ ಪೂರ್ತಿ ಹೊರೆ ಬೀಳುವುದು ಅಕ್ಕಪಕ್ಕದ ಬಾವಿಗಳ ಮೇಲೆ. ಬಾವಿ ಆಳ ಮಾಡಿಸಬೇಕು, ಪಂಪ್ ಕೆಳಗಿಳಿಸಬೇಕು, ವಿದ್ಯುತ್ ಬಿಲ್ ಕಟ್ಟಬೇಕು.

ಬಳಸಿದ ನೀರಿನ ಶೇ 105ರಷ್ಟನ್ನು ಕೊಲೊರಾಡೊ ನದಿಯ ಕಾಲುವೆ ನೀರಿನಿಂದ ಇಂಗಿಸಿ ಕೊಡುತ್ತೇವೆ ಎಂಬುದು ಕಂಪನಿಯ ಭರವಸೆಯಾಗಿತ್ತು. ಕಾಗದದ ಮೇಲೆ ಲಾಭವೇ. ಆದರೆ ಇಂಗಿಸುವುದು ಎಲ್ಲಿ? ಹತ್ತಾರು ಕಿಲೋಮೀಟರ್ ಕೆಳಗೆ ಇಂಗಿಸಿದರೆ ಜಲಾನಯನದ ಒಟ್ಟು ಲೆಕ್ಕ ಸರಿಹೋದರೂ ಸಹುವರಿಟಾದ ಬಾವಿಗೆ ಹನಿಯೂ ಬಾರದು.

1980ರ ಅಂತರ್ಜಲ ಕಾಯ್ದೆ ಈ ಭಾಗದಲ್ಲಿ ಹೊಸ ಜಮೀನಿಗೆ ನೀರಾವರಿ ನಿಷೇಧಿಸಿದೆ. ಗಣಿಗೆ ಮಾತ್ರ ಪ್ರತ್ಯೇಕ ಪರವಾನಗಿಯ ದಾರಿ ಇಟ್ಟಿದೆ. 2019ರಲ್ಲಿ ಫೆಡರಲ್ ನ್ಯಾಯಾಲಯ ರೋಸ್‌ಮಾಂಟ್ ಗಣಿಗೆ ತಡೆಯೊಡ್ಡಿತು, 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾರಣ ಮಾತ್ರ ಅಂತರ್ಜಲವಲ್ಲ, ಅರಣ್ಯಭೂಮಿಯಲ್ಲಿ ತ್ಯಾಜ್ಯ ಸುರಿಯುವ ಹಕ್ಕಿನ ಪ್ರಶ್ನೆ. ಬಳಿಕ ಹಡ್‌ಬೇ ಕಂಪನಿ ಅದೇ ಬೆಟ್ಟದ ಪಶ್ಚಿಮ ಮಗ್ಗುಲಿನ ಖಾಸಗಿ ಜಮೀನಿನತ್ತ ತಿರುಗಿ, 'ಕಾಪರ್ ವರ್ಲ್ಡ್' ಹೆಸರಿನ ಯೋಜನೆ ರೂಪಿಸಿದೆ. ಸಹುವರಿಟಾ ಇರುವುದೂ ಅದೇ ಮಗ್ಗುಲಲ್ಲಿ.