ಓಲ್ಡ್ ಸ್ಕೂಲ್ ರೂನ್‌ಸ್ಕೇಪ್

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಜಾಗೆಕ್ಸ್ ಸಂಸ್ಥೆಯು 2013ರ ಫೆಬ್ರವರಿ 22ರಂದು ಆರಂಭಿಸಿದ, ಅಂತರಜಾಲದ ಮೂಲಕ ಸಾವಿರಾರು ಜನರು ಏಕಕಾಲದಲ್ಲಿ ಆಡುವ ವಿಡಿಯೋ ಆಟ. ಇದು ಹೊಸದಾಗಿ ರಚಿತವಾದ ಆಟವಲ್ಲ. ಇದೇ ಸಂಸ್ಥೆಯ ರೂನ್‌ಸ್ಕೇಪ್ ಆಟವು 2007ರ ಆಗಸ್ಟ್ ತಿಂಗಳಿನಲ್ಲಿ ಹೇಗಿತ್ತೋ ಆ ರೂಪವನ್ನು ಆಟಗಾರರ ಒತ್ತಾಯದ ಮೇರೆಗೆ ಮರಳಿ ತಂದದ್ದು. ಸಂಸ್ಥೆಗಳು ಮಾಡುವ ಬದಲಾವಣೆಗಳಿಂದ ಬೇಸತ್ತ ಆಟಗಾರರು ಹಳೆಯ ಆಟವನ್ನು ಮರಳಿ ಪಡೆದ ಪ್ರಸಂಗಗಳಲ್ಲಿ ಇದು ಮುಖ್ಯವಾದುದು.

ಮೂಲ ಆಟ

ಆಂಡ್ರ್ಯೂ ಗೋವರ್ ಮತ್ತು ಆತನ ಸಹೋದರರು ರೂಪಿಸಿದ ರೂನ್‌ಸ್ಕೇಪ್ 2001ರ ಜನವರಿಯಲ್ಲಿ ಬಳಕೆಗೆ ಬಂದಿತು. 2004ರಲ್ಲಿ ಅದನ್ನು ಬಹುಮಟ್ಟಿಗೆ ಪುನಾರಚಿಸಲಾಯಿತು. ಜಾವಾ ತಂತ್ರಾಂಶದ ನೆರವಿನಿಂದ ಬ್ರೌಸರ್‌ನಲ್ಲಿಯೇ ನಡೆಯುತ್ತಿದ್ದುದರಿಂದ ಪ್ರತ್ಯೇಕವಾಗಿ ಅದನ್ನು ಅಳವಡಿಸಿಕೊಳ್ಳಬೇಕಿರಲಿಲ್ಲ. ಶಾಲೆಯ ಸಾಧಾರಣ ಕಂಪ್ಯೂಟರ್ ಇದ್ದರೂ ಸಾಕಾಗುತ್ತಿತ್ತು. ಹೆಚ್ಚಿನ ಭಾಗ ಬೇಕೆಂದವರು ಮಾತ್ರ ತಿಂಗಳ ಚಂದಾ ಕೊಡುತ್ತಿದ್ದರು. ಮೀನು ಹಿಡಿಯುವುದು, ಮರ ಕಡಿಯುವುದು, ಗಣಿ ಅಗೆಯುವುದು ಮುಂತಾದ ಕಸುಬುಗಳನ್ನು ತಾಳ್ಮೆಯಿಂದ ಬೆಳೆಸಿಕೊಳ್ಳುವುದೇ ಇದರ ಸಾರ.

ಅಸಮಾಧಾನದ ಕಾರಣಗಳು

ಆಟದೊಳಗಿನ ಚಿನ್ನವನ್ನು ಹೊರಗೆ ನಿಜವಾದ ಹಣಕ್ಕೆ ಮಾರುವ ದಂಧೆ ಬೆಳೆದಾಗ, ಕದ್ದ ಕ್ರೆಡಿಟ್ ಕಾರ್ಡ್‌ಗಳಿಂದ ಚಂದಾ ಕಟ್ಟುವ ವಂಚನೆಯೂ ಅದರೊಂದಿಗೆ ಬಂದಿತು. ಇದನ್ನು ತಡೆಯಲೆಂದು 2007ರ ಡಿಸೆಂಬರ್ ಮತ್ತು 2008ರ ಜನವರಿಯಲ್ಲಿ ಆಟಗಾರರ ನಡುವಿನ ಮುಕ್ತ ವಿನಿಮಯವನ್ನೂ, 'ವೈಲ್ಡರ್‌ನೆಸ್' ಎಂಬ ಕಾಡುಪ್ರದೇಶದಲ್ಲಿ ಪರಸ್ಪರ ಹೋರಾಡುವ ಅವಕಾಶವನ್ನೂ ತೆಗೆದುಹಾಕಲಾಯಿತು. ಉದ್ದೇಶ ಸರಿಯಿದ್ದರೂ ಪ್ರಾಮಾಣಿಕ ಆಟಗಾರರೂ ದಂಡ ತೆರಬೇಕಾಯಿತು. ಸ್ನೇಹಿತನಿಗೆ ಒಂದು ಬೆಲೆಬಾಳುವ ಕತ್ತಿಯನ್ನು ಉಡುಗೊರೆ ಕೊಡುವುದೂ ಅಸಾಧ್ಯವಾಯಿತು. ಆಟದ ಪಟ್ಟಣಗಳಲ್ಲಿಯೇ ಗುಂಪುಗೂಡಿ ಜನರು ಪ್ರತಿಭಟಿಸಿದರು. ಮತದಾನ ನಡೆಸಿ 2011ರ ಫೆಬ್ರವರಿಯಲ್ಲಿ ಇವೆರಡನ್ನೂ ಮರಳಿ ಕೊಡಲಾಯಿತು.

ಆದರೆ ಮರುವರ್ಷವೇ ಹಣ ಕೊಟ್ಟು ತಿರುಗಿಸಬಹುದಾದ ಅದೃಷ್ಟಚಕ್ರವೊಂದು ಆಟದೊಳಗೆ ಬಂದಿತು. ವರ್ಷಗಟ್ಟಲೆ ದುಡಿದು ಗಳಿಸಿದ ಅನುಭವಾಂಕಗಳು ಇದರಲ್ಲಿ ಬಹುಮಾನವಾಗಿ ದೊರೆಯತೊಡಗಿದವು. 2012ರ ನವೆಂಬರ್‌ನಲ್ಲಿ ಕಾಳಗದ ಪದ್ಧತಿಯನ್ನೇ ಬದಲಿಸಲಾಯಿತು. ಸರಳವಾಗಿ ಒಮ್ಮೆ ಒತ್ತಿ ಕಾಯುವ ಹಳೆಯ ಕ್ರಮದ ಜಾಗದಲ್ಲಿ, ಅನೇಕ ಗುಂಡಿಗಳ ಸಾಲು ಕಾಣಿಸಿಕೊಂಡಿತು. ಬಹಳ ಮಂದಿ ಆಟವನ್ನೇ ತೊರೆದರು.

ಹಳೆಯ ಪ್ರತಿಯ ಪುನರಾರಂಭ

ಸಂಸ್ಥೆಯ ಬಳಿ 2007ರ ಆಗಸ್ಟ್‌ನ ಒಂದು ಪೂರ್ಣ ಬ್ಯಾಕಪ್ ಉಳಿದಿತ್ತು. ಅದನ್ನು ಚಾಲನೆಗೊಳಿಸಬೇಕೇ ಎಂದು 2013ರ ಫೆಬ್ರವರಿಯಲ್ಲಿ ಚಂದಾದಾರರನ್ನು ಕೇಳಲಾಯಿತು. ಮತಗಳು ಎಷ್ಟು ಹೆಚ್ಚು ಬೀಳುತ್ತವೆಯೋ ಅಷ್ಟು ಹೆಚ್ಚಿನ ಬೆಂಬಲ ನೀಡುವುದಾಗಿ ಸಂಸ್ಥೆ ತಿಳಿಸಿತು. ಸುಮಾರು 4.5 ಲಕ್ಷ ಮತಗಳು ಬಿದ್ದವು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮರಳಿ ಬಂದದ್ದು ಆಟ ಮಾತ್ರ, ಆಟಗಾರರ ಹಿಂದಿನ ಗಳಿಕೆಯಲ್ಲ. ಹತ್ತು ವರ್ಷ ಆಡಿದವರೂ ಹೊಸಬರಂತೆ ಕೈಯಲ್ಲಿ ಸಣ್ಣ ಕೊಡಲಿ ಹಿಡಿದು ಮೊದಲಿನಿಂದ ಆರಂಭಿಸಬೇಕಾಯಿತು. ಹಾಗಿದ್ದೂ ಜನರು ಬಂದರು. ಬರಿಯ ಸವಿನೆನಪಿನಿಂದ ಈ ಉತ್ಸಾಹವನ್ನು ವಿವರಿಸಲಾಗದು. ಗಳಿಕೆಯು ದುಡಿಮೆಗೆ ತಕ್ಕಂತೆ ಇರಬೇಕು, ಹಣಕ್ಕೆ ತಕ್ಕಂತೆ ಅಲ್ಲ ಎಂಬ ಅಪೇಕ್ಷೆಯೂ ಅದರಲ್ಲಿ ಸೇರಿತ್ತು.

ಮತದಾನ ಪದ್ಧತಿ

ಆಟಕ್ಕೆ ಸೇರಿಸುವ ಹೊಸ ಅಂಶಗಳನ್ನು ಆಟಗಾರರ ಮತಕ್ಕೆ ಹಾಕುವುದು ಇದರ ವೈಶಿಷ್ಟ್ಯ. ಆರಂಭದಲ್ಲಿ ಶೇ. 75ರಷ್ಟು ಒಪ್ಪಿಗೆ ಅಗತ್ಯವಾಗಿತ್ತು. 2022ರಲ್ಲಿ ಈ ಮಿತಿಯನ್ನು ಶೇ. 70ಕ್ಕೆ ಇಳಿಸಲಾಯಿತು. 2019ರಲ್ಲಿ 'ವಾರ್ಡಿಂಗ್' ಎಂಬ ಹೊಸ ಕಸುಬಿಗೆ ಬಹುಮತ ದೊರೆತರೂ ಮಿತಿಯನ್ನು ಮುಟ್ಟದ ಕಾರಣ ಅದನ್ನು ಕೈಬಿಡಲಾಯಿತು. ನೌಕಾಯಾನವು 2023ರಲ್ಲಿ ಒಪ್ಪಿಗೆ ಪಡೆದು 2025ರ ನವೆಂಬರ್‌ನಲ್ಲಿ ಸೇರ್ಪಡೆಯಾಯಿತು. ಹೀಗಾಗಿ 'ಹಳೆಯ ಆಟ' ಎಂಬ ಹೆಸರು ಇಂದು ಅಕ್ಷರಶಃ ಸರಿಯಲ್ಲ. 2007ರ ಪ್ರತಿಯಲ್ಲಿ ಇರದ ಎಷ್ಟೋ ಪ್ರದೇಶಗಳು ಇದರಲ್ಲಿವೆ. 2018ರ ಅಕ್ಟೋಬರ್‌ನಿಂದ ಮೊಬೈಲ್ ಫೋನಿನಲ್ಲಿಯೂ ಆಡಬಹುದಾಗಿದೆ.

ಹಣದ ಪ್ರಶ್ನೆ

ಈ ಆಟದಲ್ಲಿ ಅದೃಷ್ಟಚಕ್ರವಿಲ್ಲ. ಆದರೆ 2015ರಿಂದ 'ಬಾಂಡ್' ಎಂಬ ವಸ್ತುವನ್ನು ಹಣಕೊಟ್ಟು ಕೊಂಡು, ಆಟದೊಳಗೆ ಚಿನ್ನಕ್ಕೆ ಮಾರಬಹುದು. ಕೊಂಡವರು ಅದನ್ನು ಚಂದಾ ಆಗಿ ಬಳಸುತ್ತಾರೆ. ಅಕ್ರಮ ಮಾರಾಟವನ್ನು ತಗ್ಗಿಸಲು ಇದನ್ನು ತರಲಾಯಿತೆಂಬುದು ನಿಜವಾದರೂ ಹಣದಿಂದ ಅನುಕೂಲ ಪಡೆಯುವ ದಾರಿಯೊಂದು ತೆರೆಯಿತೆಂಬುದನ್ನು ಅಲ್ಲಗಳೆಯಲಾಗದು. ಅಕ್ರಮ ಮಾರಾಟವೂ ನಿಲ್ಲಲಿಲ್ಲ: ವೆನೆಜುವೆಲಾದಲ್ಲಿ ನಾಣ್ಯದ ಮೌಲ್ಯ ಕುಸಿದ ವರ್ಷಗಳಲ್ಲಿ ಅಲ್ಲಿನ ಕೆಲವರು ಇಲ್ಲಿ ಚಿನ್ನ ಸಂಪಾದಿಸಿ ಮಾರಿ ಅನ್ನ ಕಂಡುಕೊಂಡರು.

2024ರಲ್ಲಿ ಜಾಗೆಕ್ಸ್ ಸಂಸ್ಥೆಯು ಸಿವಿಸಿ ಎಂಬ ಹೂಡಿಕೆ ಸಂಸ್ಥೆಯ ಒಡೆತನಕ್ಕೆ ಬಂದಿತು. 2025ರ ಜನವರಿಯಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ಜಾಹೀರಾತು ತೋರಿಸುವ ಅಗ್ಗದ ಚಂದಾ ಮತ್ತು ಹೆಚ್ಚು ಬೆಲೆಯ ಚಂದಾ ಶ್ರೇಣಿಗಳ ಪ್ರಸ್ತಾಪವನ್ನು ಕಂಡು ಆಟಗಾರರು ಕೆರಳಿದರು. ಅನೇಕರು ಚಂದಾ ರದ್ದುಪಡಿಸಿದರು. ಸಂಸ್ಥೆಯು ಕ್ಷಮೆ ಕೋರಿ ಪ್ರಸ್ತಾಪವನ್ನು ಹಿಂತೆಗೆದುಕೊಂಡಿತು.