ಆಟದ ಪಕ್ಕದಲ್ಲಿ ನಿಲ್ಲುವ ವಿದ್ಯೆ

ಹಳೆಯ ಟೈರು, ಹಲಗೆ, ಹಗ್ಗ, ಮೊಳೆ, ಮುರಿದ ಕುರ್ಚಿ. ವೇಲ್ಸ್‌ನ ರೆಕ್ಸ್‌ಹ್ಯಾಮ್ ಬಳಿ 2012ರಲ್ಲಿ ತೆರೆದ ‘ದಿ ಲ್ಯಾಂಡ್’ ಎಂಬ ಆಟದ ಜಾಗವನ್ನು ಹೊರಗಿನಿಂದ ನೋಡಿದವರು ಗುಜರಿ ಅಂಗಡಿಯ ಹಿತ್ತಲು ಎಂದುಕೊಂಡಾರು. ಒಳಗೆ ಮಕ್ಕಳು ಗರಗಸ ಹಿಡಿಯುತ್ತಾರೆ, ಗುಡಿಸಲು ಕಟ್ಟಿ ಕೆಡವುತ್ತಾರೆ, ಬೆಂಕಿಯನ್ನೂ ಹಾಕುತ್ತಾರೆ. ತುಸು ದೂರದಲ್ಲಿ ಒಬ್ಬಿಬ್ಬರು ದೊಡ್ಡವರು ಸುಮ್ಮನೆ ನಿಂತಂತೆ ಕಾಣುತ್ತದೆ. ಅದೇ ಅವರ ಉದ್ಯೋಗ. ಅದಕ್ಕೆ ಸಂಬಳವಿದೆ, ತರಬೇತಿಯಿದೆ, ಬ್ರಿಟನ್ನಿನಲ್ಲಿ ಪ್ಲೇವರ್ಕರ್ ಎಂಬ ಹೆಸರೂ ಇದೆ.

ಈ ಕಸುಬು ಹುಟ್ಟಿದ್ದು ಎರಡನೇ ಮಹಾಯುದ್ಧದ ನಡುವೆ. ಮಕ್ಕಳು ಸಿಂಗರಿಸಿದ ಮೈದಾನಗಳಿಗಿಂತ ಕಟ್ಟಡ ಕೆಲಸ ನಡೆಯುವ ಜಾಗಗಳಲ್ಲೇ ಹೆಚ್ಚು ಖುಷಿಯಿಂದ ಆಡುವುದನ್ನು ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕಾರ ಸೋರೆನ್‌ಸನ್ ಗಮನಿಸಿದ್ದರು. ಅದರಿಂದ ಅವರಿಗೆ ಹೊಳೆದ ಯೋಚನೆಯಂತೆ 1943ರಲ್ಲಿ, ಜರ್ಮನ್ನರ ವಶದಲ್ಲಿದ್ದ ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಹಾಳುಮೂಳು ಸಾಮಾನಿನ ಮೈದಾನವೊಂದು ಶುರುವಾಯಿತು. ಮಕ್ಕಳ ಜೊತೆಗಿರಲು ಜಾನ್ ಬರ್ಟೆಲ್‌ಸನ್ ಬಂದರು. ಯುದ್ಧ ಮುಗಿದ ಮೇಲೆ ಅದನ್ನು ಕಂಡು ಬೆರಗಾದ, ಬ್ರಿಟನ್ನಿನಲ್ಲಿ ಮಕ್ಕಳ ಹಿತಕ್ಕಾಗಿ ದುಡಿಯುತ್ತಿದ್ದ ಲೇಡಿ ಅಲೆನ್, ಬಾಂಬು ಬಿದ್ದು ಹಾಳಾದ ಲಂಡನ್ನಿನ ಖಾಲಿ ಜಾಗಗಳಲ್ಲೂ ಇಂಥವು ಆಗಬೇಕೆಂದು ಹಟ ಹಿಡಿದರು.

ಹಾಗಾದರೆ ತರಬೇತಿಯಲ್ಲಿ ಕಲಿಸುವುದೇನು? ಆಟ ಹೇಳಿಕೊಡುವುದನ್ನಂತೂ ಅಲ್ಲ. ಆಟ ಏನು, ಏಕೆ, ಹೇಗೆ ಎಂಬುದನ್ನು ಮಗುವೇ ತೀರ್ಮಾನಿಸಬೇಕು ಎಂಬುದು ಈ ವೃತ್ತಿಯವರು 2005ರಿಂದ ಒಪ್ಪಿ ನಡೆಯುವ ಎಂಟು ಸೂತ್ರಗಳ ತಿರುಳು. ಕಲಿಯಬೇಕಾದದ್ದು ನೋಡುವುದನ್ನು. ಈ ಕ್ಷೇತ್ರದ ಚಿಂತಕರಾದ ಗಾರ್ಡನ್ ಸ್ಟರಾಕ್ ಮತ್ತು ಪೆರಿ ಎಲ್ಸ್ 1998ರಲ್ಲಿ ಮುಂದಿಟ್ಟ ವಿಚಾರವೊಂದು ಇಲ್ಲಿ ಬಹಳ ಮುಖ್ಯ: ಮಗು ಸದಾ ಆಟದ ಕರೆ ಕಳಿಸುತ್ತಿರುತ್ತದೆ. ಒಂದು ಓರೆನೋಟ, ಕಾಲಬಳಿಗೆ ಉರುಳಿಬಿಟ್ಟ ಚೆಂಡು, ಬೇಕೆಂದೇ ಮಾಡಿದ ವಿಚಿತ್ರ ಸದ್ದು. ಅದಕ್ಕೆ ಉತ್ತರ ಸಿಕ್ಕರೆ ಆಟ ಬೆಳೆಯುತ್ತದೆ, ಸಿಗದೇ ಹೋದರೆ ಅಲ್ಲೇ ಸಾಯುತ್ತದೆ. ಆದರೆ ದೊಡ್ಡವರು ಉತ್ತರ ಕೊಡುವ ಹುರುಪಿನಲ್ಲಿ ನಿಯಮ ಹೇಳಿ, ತಂಡ ಮಾಡಿ, ಕೊನೆಗೆ ಆಟವನ್ನೇ ತಮ್ಮದಾಗಿಸಿಕೊಂಡುಬಿಡುತ್ತಾರೆ. ಪ್ರೀತಿಯಿಂದಲೇ ನಡೆಯುವ ಈ ಕಬಳಿಕೆಯನ್ನು ತನ್ನಲ್ಲಿ ತಾನೇ ಪತ್ತೆಹಚ್ಚುವುದು ತರಬೇತಿಯ ಅತಿ ಕಷ್ಟದ ಪಾಠ ಎಂದು ನನಗೆ ಅನಿಸುತ್ತದೆ. ಅದಕ್ಕಾಗಿ ಕಲಿಯುವವರು ತಮ್ಮ ಬಾಲ್ಯದ ಆಟಗಳನ್ನು ನೆನೆಯುತ್ತಾರೆ, ಕಂಡದ್ದನ್ನು ಬರೆದಿಡುತ್ತಾರೆ, ದಿನದ ಕೊನೆಗೆ ಜೊತೆಯವರೊಡನೆ ಕೂತು ‘ಆ ಹೊತ್ತಿನಲ್ಲಿ ನಾನು ಬಾಯಿ ಹಾಕಿದ್ದೇಕೆ?’ ಎಂದು ಕೇಳಿಕೊಳ್ಳುತ್ತಾರೆ.

ಅಪಾಯದ ಲೆಕ್ಕವೂ ಬೇರೆ. ಮರ ಹತ್ತಿದ ಮಗು ಬಿದ್ದೀತು ಎಂಬುದು ಒಂದು ಕಡೆ, ಹತ್ತದೇ ಹೋದರೆ ಕಳೆದುಕೊಳ್ಳುವುದೇನು ಎಂಬುದು ಇನ್ನೊಂದು ಕಡೆ. ಎರಡನ್ನೂ ನಿಂತ ನಿಲುವಿನಲ್ಲೇ ತೂಗಬೇಕು. ಕೊಳೆತ ಕೊಂಬೆ, ಚೂರಾದ ಗಾಜು ಮಗುವಿನ ಕಣ್ಣಿಗೆ ಬೀಳದ ಅಪಾಯಗಳು. ಅವನ್ನು ಮೊದಲೇ ತೆಗೆದಿರಬೇಕು. ಎತ್ತರ ಮಗುವಿಗೆ ತಾನಾಗಿ ಕಾಣುತ್ತದೆ.

ವೇಲ್ಸ್ 2010ರಲ್ಲಿ ಕಾನೂನನ್ನೇ ಮಾಡಿ, ಮಕ್ಕಳಿಗೆ ಆಡಲು ಸಾಕಷ್ಟು ಅವಕಾಶವಿದೆಯೇ ಎಂದು ಅಳೆದು ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಹೊರಿಸಿತು. ಆಟವನ್ನು ಹಕ್ಕೆಂದು ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರಲ್ಲಿ ಭಾರತವೂ ಸೇರಿದೆ. ನಮ್ಮ ಬೇಸಿಗೆ ಶಿಬಿರಗಳ ವೇಳಾಪಟ್ಟಿ ಬರೆಯುವವರಿಗೆ ಈ ತರಬೇತಿಯ ಒಂದು ವಾರವಾದರೂ ಸಿಗಲಿ ಎಂಬುದು ನನ್ನ ಆಸೆ.

ಈ ವಿದ್ಯೆಯ ಕಸುವು ನನಗೆ ಸ್ಪಷ್ಟವಾಗಿ ಕಂಡದ್ದು ರೊಮೇನಿಯಾದ ಸಿಗಿಶ್ವಾರಾ ಊರಿನ ಮಕ್ಕಳ ಆಸ್ಪತ್ರೆಯ ಕಥೆಯಲ್ಲಿ. ಅನಾಥ ಮಕ್ಕಳನ್ನು ಅಲ್ಲಿ ತೊಟ್ಟಿಲಿಗೆ ಕಟ್ಟಿಹಾಕಲಾಗುತ್ತಿತ್ತು. ಕೂತಲ್ಲೇ ಹಿಂದೆಮುಂದೆ ತೂಗುತ್ತ, ಯಾರತ್ತಲೂ ನೋಡದೆ ಇರುತ್ತಿದ್ದರು. ತರಬೇತಿ ಪಡೆದ ಪ್ಲೇವರ್ಕರ್‌ಗಳು ಹಗಲಲ್ಲಿ ಕಟ್ಟು ಬಿಚ್ಚಿ, ತೊಳೆದು, ಉಣಿಸಿ, ಆಟದ ಕೋಣೆಗೆ ಕರೆದೊಯ್ದು, ಸಣ್ಣ ಸನ್ನೆಗೂ ಮರುಸನ್ನೆ ಕೊಡುತ್ತ ಕಾದರು. ತಿಂಗಳುಗಳಲ್ಲಿ ಮಕ್ಕಳು ಒಬ್ಬರೊಡನೊಬ್ಬರು ಆಡತೊಡಗಿದರು. ಅವರನ್ನು ಅಧ್ಯಯನ ಮಾಡಿದ ಲೀಡ್ಸ್‌ನ ಫ್ರೇಜರ್ ಬ್ರೌನ್ ಮತ್ತು ಸೋಫಿ ವೆಬ್ ಹೇಳುವಂತೆ, ಆ ಮಕ್ಕಳ ಬದುಕಿನಲ್ಲಿ ಬೇರೇನೂ ಬದಲಾಗಿರಲಿಲ್ಲ. ಪ್ಲೇವರ್ಕರ್‌ಗಳು ಮನೆಗೆ ಹೋದ ಮೇಲೆ ಅವರನ್ನು ಮತ್ತೆ ಕಟ್ಟಲಾಗುತ್ತಿತ್ತು.